ಕಂಪ್ಯೂಟರ್ ಪೋರ್ಟಿಂದ ಮೋರ್ಸ್ ಕೀಯಿಂಗ್ ಮತ್ತು ರಿಗ್ ಕಂಟ್ರೋಲ್: ಒಂದೊಂದೇ ಹೆಜ್ಜೆ

ಕಂಪ್ಯೂಟರ್‌ನ ರಿಗ್‌ಗೆ, ಅಂದ್ರೆ ಹವ್ಯಾಸಿ (ಹ್ಯಾಮ್) ರೇಡಿಯೋ ಸೆಟ್‌ಗೆ, ಜೋಡಿಸ್ಬೇಕು ಅಂತ ಹೊರಟವ್ರಿಗೆ ನಾನು ಮೊದ್ಲು ಹೇಳೋದು ಒಂದೇ, ಇಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ, ಅವನ್ನ ತಲೇಲೂ ಬೇರೆ ಬೇರೆಯಾಗೇ ಇಟ್ಕೊಳ್ಳಿ. ಒಂದು ಕೀಯಿಂಗ್, ಅಂದ್ರೆ ಮೋರ್ಸ್ ಕಳಿಸೋಕೆ ಕೈಯಿಂದ ಒತ್ತೋ ನಿಮ್ಮ ಸ್ಟ್ರೈಟ್ ಕೀ ಮಾಡೋ ಕೆಲಸನ ಕಂಪ್ಯೂಟರ್ ಮಾಡೋದು, ಅಲ್ಲಿ ಡೇಟಾ ಅನ್ನೋದೇ ಇಲ್ಲ, ಒಂದು ಸ್ವಿಚ್ ಸರಿಯಾದ ಹೊತ್ತಿಗೆ ಆನ್ ಆಗಿ ಸರಿಯಾದ ಹೊತ್ತಿಗೆ ಆಫ್ ಆಗ್ಬೇಕು ಅಷ್ಟೇ. ಇನ್ನೊಂದು ಕಂಟ್ರೋಲ್, ಕ್ಯಾಟ್ ಅಂತೀವಲ್ಲ ಅದು, ಫ್ರೀಕ್ವೆನ್ಸಿ ಎಷ್ಟಿದೆ ಮೋಡ್ ಯಾವ್ದಿದೆ ಅಂತ ರಿಗ್‌ನ ಕೇಳೋದು, ಬದಲಾಯಿಸು ಅಂತ ಹೇಳೋದು, ಅದು ಪೂರ್ತಿ ಡೇಟಾ. ಕೀಯಿಂಗ್‌ನಲ್ಲಿ 10 ಮಿಲಿಸೆಕೆಂಡ್ ಆಚೀಚೆ ಆದ್ರೂ ಕಿವಿಗೆ ಬಡಿಯತ್ತೆ, ಕ್ಯಾಟ್‌ನಲ್ಲಿ ಅರ್ಧ ಸೆಕೆಂಡ್ ತಡ ಆದ್ರೂ ಯಾರಿಗೂ ಏನೂ ಆಗಲ್ಲ. ಇವೆರಡನ್ನ ಒಂದೇ ಅಂದ್ಕೊಂಡು ಒಟ್ಟಿಗೆ ಜೋಡಿಸಿ, ಕೆಲಸ ಮಾಡ್ದೇ ಇದ್ದಾಗ ತಪ್ಪು ಯಾವ ಕಡೆ ಇದೆ ಅಂತ ಗೊತ್ತಾಗ್ದೆ ತುಂಬಾ ಜನ ಕೈಬಿಟ್ಟುಬಿಡ್ತಾರೆ. ಅದಕ್ಕೇ ಇಲ್ಲಿ ಮೊದ್ಲು ಕೀಯಿಂಗ್ ಪೂರ್ತಿ ಮುಗಿಸೋಣ, ಆಮೇಲೆ ಕ್ಯಾಟ್.

ಪೋರ್ಟ್ ಯಾವ್ದು

ಹಳೇ ಕಂಪ್ಯೂಟರ್‌ನಲ್ಲಿ ಎರಡು ಥರ ಪೋರ್ಟ್ ಇರ್ತಿತ್ತು, 9 ಪಿನ್ ಸೀರಿಯಲ್ ಮತ್ತೆ 25 ಪಿನ್ ಪ್ಯಾರಲಲ್. ಪ್ಯಾರಲಲ್ ಪೋರ್ಟ್‌ದು ಬೇಗ ಹೇಳಿ ಮುಗಿಸ್ತೀನಿ. ಕಾಂಟೆಸ್ಟ್ ಸಾಫ್ಟ್‌ವೇರ್‌ಗಳಲ್ಲಿ ಪಿನ್ 17 ಕೀಯಿಂಗ್‌ಗೆ, ಪಿನ್ 16 ಪಿಟಿಟಿಗೆ (ರಿಗ್‌ನ ಟ್ರಾನ್ಸ್‌ಮಿಟ್‌ಗೆ ತರೋ ಲೈನ್), ಗ್ರೌಂಡ್‌ಗೆ 18ರಿಂದ 25ರವರೆಗಿನ ಯಾವ್ದಾದ್ರೂ ಪಿನ್, ಇದು ರೂಢಿ. ಲೆವೆಲ್ 5 ವೋಲ್ಟ್‌ದು, ಟೈಮಿಂಗ್ ತುಂಬಾ ಚೆನ್ನಾಗಿರತ್ತೆ ಯಾಕಂದ್ರೆ ಪ್ರೋಗ್ರಾಮ್ ನೇರವಾಗಿ ಪೋರ್ಟ್ ಅಡ್ರೆಸ್‌ಗೇ ಬರೀತಿತ್ತು. ಆದ್ರೆ ವಿಂಡೋಸ್ ಎನ್‌ಟಿ ಬಂದ ಮೇಲೆ ಆ ನೇರ ದಾರಿ ಮುಚ್ಚಿ ಬೇರೆ ಡ್ರೈವರ್ ಹಾಕ್ಬೇಕಾಯ್ತು. ಇನ್ನೊಂದು ಮುಖ್ಯ ವಿಷ್ಯ, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಅಂತ ಸಿಗೋ ಕೇಬಲ್ ಪ್ರಿಂಟರ್‌ಗೆ ಮಾತ್ರ, ಅದ್ರಲ್ಲಿ ಪಿನ್‌ಗಳನ್ನ ಬೇಕಾದಂಗೆ ಮೇಲೆ ಕೆಳಗೆ ಮಾಡೋಕಾಗಲ್ಲ, ಕೀಯಿಂಗ್‌ಗೆ ಅಂತ ಅದನ್ನ ಕೊಳ್ಳಲೇಬೇಡಿ. ಹಳೇ ಡೆಸ್ಕ್‌ಟಾಪ್ ಇದ್ದು ಅದನ್ನ ಶ್ಯಾಕ್‌ಗೇ, ಅಂದ್ರೆ ರೇಡಿಯೋ ಕೋಣೆಗೇ, ಮೀಸಲಿಟ್ಟಿದ್ರೆ ಪ್ಯಾರಲಲ್ ಬಳಸಿ, ಇಲ್ಲಾಂದ್ರೆ ಸೀರಿಯಲ್ ಕಡೆ ಬನ್ನಿ.

ಸೀರಿಯಲ್ ಪೋರ್ಟ್, ಅಂದ್ರೆ ಆರ್‌ಎಸ್-232, 1960ರ ದಶಕದ ಸ್ಟ್ಯಾಂಡರ್ಡ್, ಇವತ್ತಿಗೂ ನಮಗೆ ಅದೇ ದಿಕ್ಕು. 9 ಪಿನ್ ಕನೆಕ್ಟರ್‌ನಲ್ಲಿ ಪಿನ್ 2 ಡೇಟಾ ಒಳಗೆ, ಪಿನ್ 3 ಡೇಟಾ ಹೊರಗೆ, ಪಿನ್ 4 ಡಿಟಿಆರ್, ಪಿನ್ 5 ಗ್ರೌಂಡ್, ಪಿನ್ 7 ಆರ್‌ಟಿಎಸ್. ಕೀಯಿಂಗ್‌ಗೆ ಬೇಕಾಗಿರೋದು 4, 5, 7 ಅಷ್ಟೇ. ಡಿಟಿಆರ್ ಮತ್ತೆ ಆರ್‌ಟಿಎಸ್ ಮೋಡೆಮ್ ಕಾಲದಲ್ಲಿ ನಾನು ರೆಡಿ, ನಾನು ಕಳಿಸ್ಲಾ ಅಂತ ಕೇಳೋಕೆ ಇದ್ದ ಲೈನ್‌ಗಳು, ಸಾಫ್ಟ್‌ವೇರ್ ಅವನ್ನ ಯಾವಾಗ ಬೇಕಾದ್ರೂ ಆನ್ ಆಫ್ ಮಾಡ್ಬಹುದು, ಹ್ಯಾಮ್‌ಗಳು ಅದನ್ನೇ ಹಿಡ್ಕೊಂಡ್ರು. ಡಿಟಿಆರ್ ಕೀಯಿಂಗ್‌ಗೆ, ಆರ್‌ಟಿಎಸ್ ಪಿಟಿಟಿಗೆ, ಇದು ಈಗ ಹೆಚ್ಚೂಕಮ್ಮಿ ಎಲ್ಲಾ ಕಡೆ ಇರೋ ಪದ್ಧತಿ, ನೀವೂ ಅದನ್ನೇ ಹಿಡೀರಿ, ನಾಳೆ ಸಾಫ್ಟ್‌ವೇರ್ ಬದಲಾಯಿಸಿದ್ರೂ ವೈರಿಂಗ್ ಮುಟ್ಟೋ ಹಾಗಿರಲ್ಲ.

ಈಗಿನ ಲ್ಯಾಪ್‌ಟಾಪ್‌ನಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. ಇಲ್ಲೂ ಎರಡು ಜಾತಿ ಇದೆ, ಇದನ್ನ ಸರಿಯಾಗಿ ನೋಡ್ಕೊಳ್ಳಿ. 9 ಪಿನ್ ಕನೆಕ್ಟರ್ ಇರೋ ಕೇಬಲ್ ನಿಜವಾದ ಆರ್‌ಎಸ್-232 ಲೆವೆಲ್ ಕೊಡತ್ತೆ, ಲೈನ್ ಆಫ್ ಇದ್ದಾಗ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಹತ್ರ, ಆನ್ ಆದಾಗ ಅಷ್ಟೇ ಪ್ಲಸ್. ಎಫ್‌ಟಿ232, ಸಿಪಿ2102, ಸಿಎಚ್340 ಚಿಪ್ ಕೂರಿಸಿರೋ ಚಿಕ್ಕ ಟಿಟಿಎಲ್ ಮಾಡ್ಯೂಲ್‌ಗಳು ಬೇರೆ, ಅವು 0 ಮತ್ತೆ 3.3 ಅಥವಾ 5 ವೋಲ್ಟ್, ಸಾಲದ್ದಕ್ಕೆ ಅವುಗಳಲ್ಲಿ ಕಂಟ್ರೋಲ್ ಲೈನ್ ಉಲ್ಟಾ, ಸುಮ್ನೆ ಇದ್ದಾಗ ಹೈ, ಆನ್ ಆದಾಗ ಲೋ. ಆರ್‌ಎಸ್-232ಗೆ ಬರೆದ ಸರ್ಕ್ಯೂಟನ್ನ ಹಾಗೇ ಟಿಟಿಎಲ್ ಮಾಡ್ಯೂಲ್‌ಗೆ ಹಾಕಿದ್ರೆ ಪ್ಲಗ್ ಹಾಕಿದ ಕೂಡ್ಲೇ ರಿಗ್ ಒಂದೇ ಸಮ ಕ್ಯಾರಿಯರ್, ಅಂದ್ರೆ ಬರೀ ರೇಡಿಯೋ ಸಿಗ್ನಲ್, ಕಳಿಸ್ತಾ ಕೂರತ್ತೆ.

ಮೊದ್ಲು ರಿಗ್‌ನ ಕೀ ಜಾಕ್ ಅಳೀರಿ

ಸೋಲ್ಡರಿಂಗ್ ಐರನ್ ಬಿಸಿ ಮಾಡೋಕೆ ಮುಂಚೆ ಮಲ್ಟಿಮೀಟರ್ ತಗೊಳ್ಳಿ. ರಿಗ್ ಆನ್ ಮಾಡಿ, ಕೀ ಜಾಕ್‌ಗೆ ಖಾಲಿ ಪ್ಲಗ್ ಹಾಕಿ, ಟಿಪ್‌ಗೂ (ಪ್ಲಗ್‌ನ ತುದಿ) ಸ್ಲೀವ್‌ಗೂ (ಅದ್ರ ಬುಡದ ಭಾಗ) ಮಧ್ಯ ವೋಲ್ಟೇಜ್ ನೋಡಿ. ಈಗಿನ ಟ್ರಾನ್ಸಿಸ್ಟರ್ ರಿಗ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 8 ವೋಲ್ಟ್ ಪ್ಲಸ್ ಕಾಣತ್ತೆ, ಕೀ ಒತ್ತಿದಾಗ ಹರಿಯೋ ಕರೆಂಟ್ ಕೆಲವೇ ಮಿಲಿಆಂಪ್, ಯಾವ ಚಿಕ್ಕ ಟ್ರಾನ್ಸಿಸ್ಟರ್ ಹಾಕಿದ್ರೂ ನಡೆಯತ್ತೆ. ಹಳೇ ವಾಲ್ವ್ ರಿಗ್ ಆಗಿದ್ರೆ ಕಥೆಯೇ ಬೇರೆ, ಗ್ರಿಡ್ ಬ್ಲಾಕ್ ಕೀಯಿಂಗ್ ಇದ್ರೆ ಅಲ್ಲಿ ಮೈನಸ್ ವೋಲ್ಟೇಜ್ ಇರತ್ತೆ, ಅದೂ ಹತ್ತಾರು ವೋಲ್ಟ್, ಕ್ಯಾಥೋಡ್ ಕೀಯಿಂಗ್ ಇದ್ರೆ ಪ್ಲಸ್ಸೇ ಆದ್ರೂ ಜೋರಾಗಿ ಶಾಕ್ ಹೊಡೆಯೋವಷ್ಟು ಇರಬಹುದು. ಅಂಥ ರಿಗ್‌ಗೆ ಈ ಲೇಖನದ ಎನ್‌ಪಿಎನ್ ಸರ್ಕ್ಯೂಟ್ ಹಾಕ್ಬೇಡಿ, ರೀಡ್ ರಿಲೇ ಅಥವಾ ಹೈ ವೋಲ್ಟೇಜ್ ಮಾಸ್‌ಫೆಟ್ ಇರೋ ಸಾಲಿಡ್ ಸ್ಟೇಟ್ ರಿಲೇ ಬೇಕು.

ಹಾಗೇ ಡಮ್ಮಿ ಲೋಡ್ ಒಂದನ್ನ, ಅಂದ್ರೆ ಸಿಗ್ನಲ್‌ನ ಹೊರಗೆ ಬಿಡ್ದೆ ಬಿಸಿಯಾಗಿ ಕರಗಿಸೋ ರೆಸಿಸ್ಟರ್‌ನ, ಆಂಟೆನಾ ಸಾಕೆಟ್‌ಗೆ ಈಗ್ಲೇ ಹಾಕ್ಬಿಡಿ, ಪವರ್ ಕನಿಷ್ಠಕ್ಕೆ ಇಳ್ಸಿ, ಇಡೀ ಕೆಲಸ ಮುಗಿಯೋವರೆಗೂ ಅದು ಹಾಗೇ ಇರ್ಲಿ. ಪರೀಕ್ಷೆ ಮಾಡ್ವಾಗ ಕೀ ಅಂಟ್ಕೊಂಡು ಕ್ಯಾರಿಯರ್ ಹೋಗೋದು ಇಲ್ಲಿ ಮಾಮೂಲಿ, ಅದು ಬ್ಯಾಂಡ್ ಮೇಲೆ ಇನ್ನೊಬ್ರ ಕಾಂಟ್ಯಾಕ್ಟ್ ಹಾಳು ಮಾಡಬಾರ್ದು.

ಕೀಯಿಂಗ್ ಸರ್ಕ್ಯೂಟ್

ಆರ್‌ಎಸ್-232 ಕೇಬಲ್‌ಗೆ ಅತ್ಯಂತ ಸರಳವಾದ್ದು ಇದು. 9 ಪಿನ್ ಫೀಮೇಲ್ ಕನೆಕ್ಟರ್‌ನ ಪಿನ್ 4ರಿಂದ 2.2 ಕಿಲೋ ಓಮ್ ರೆಸಿಸ್ಟರ್, ಅದ್ರ ಇನ್ನೊಂದು ತುದಿ ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಬೇಸ್‌ಗೆ. 2ಎನ್2222, 2ಎನ್3904, ಬಿಸಿ547 ಯಾವ್ದಾದ್ರೂ ಆಗತ್ತೆ, ಆದ್ರೆ ಪಿನ್ ಜೋಡಣೆ ಒಂದೊಂದರದ್ದು ಒಂದೊಂದು ಥರ, ಡೇಟಾಶೀಟ್ ನೋಡ್ಕೊಂಡೇ ಹಚ್ಚಿ. ಎಮಿಟರ್ ಪಿನ್ 5ಕ್ಕೆ ಮತ್ತೆ ಕೀ ಪ್ಲಗ್‌ನ ಸ್ಲೀವ್‌ಗೆ, ಕಲೆಕ್ಟರ್ ಕೀ ಪ್ಲಗ್‌ನ ಟಿಪ್‌ಗೆ. ಇದ್ರ ಜೊತೆಗೆ ಒಂದು 1ಎನ್4148 ಡಯೋಡ್, ಪಟ್ಟಿ ಇರೋ ತುದಿ ಬೇಸ್‌ಗೆ, ಇನ್ನೊಂದು ಎಮಿಟರ್‌ಗೆ. ಈ ಡಯೋಡ್ ಯಾಕೆ ಬೇಕು ಅಂದ್ರೆ ಲೈನ್ ಆಫ್ ಇದ್ದಾಗ ಬೇಸ್‌ಗೆ ಮೈನಸ್ 12 ವೋಲ್ಟ್‌ವರೆಗೂ ಬರ್ತಿರತ್ತೆ, ಇಂಥ ಟ್ರಾನ್ಸಿಸ್ಟರ್‌ಗಳ ಬೇಸ್ ಎಮಿಟರ್ ಜಂಕ್ಷನ್ ತಡ್ಕೊಳ್ಳೋದು ಹಿಮ್ಮುಖವಾಗಿ 5, 6 ವೋಲ್ಟ್ ಅಷ್ಟೇ. ಡಯೋಡ್ ಇಲ್ದೇನೂ ಒಂದಷ್ಟು ದಿನ ಕೆಲಸ ಮಾಡತ್ತೆ, ಅದೇ ತೊಂದ್ರೆ, ನಿಧಾನಕ್ಕೆ ಗೇನ್ ಕಮ್ಮಿ ಆಗ್ತಾ ಹೋಗಿ ಒಂದಿನ ಕೀ ಸರಿಯಾಗಿ ಹಿಡಿಯೋದೇ ಇಲ್ಲ.

ನನ್ನನ್ನ ಕೇಳಿದ್ರೆ ಟ್ರಾನ್ಸಿಸ್ಟರ್ ಬದ್ಲು ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಆಪ್ಟೋಕಪ್ಲರ್ ಹಾಕಿ. ಕಂಪ್ಯೂಟರ್ ಗ್ರೌಂಡಿಗೂ ರಿಗ್ ಗ್ರೌಂಡಿಗೂ ಈ ಕೇಬಲ್ ಮೂಲಕ ಸಂಬಂಧವೇ ಇರಲ್ಲ, ಹಮ್ ಬರೋದು, ಆರ್‌ಎಫ್ (ರಿಗ್ ಹೊರಡಿಸೋ ರೇಡಿಯೋ ಶಕ್ತಿ) ನುಗ್ಗಿ ಯುಎಸ್‌ಬಿ ಬಿದ್ದೋಗೋದು, ಎರಡೂ ಕಮ್ಮಿ ಆಗತ್ತೆ, ಮಧ್ಯದಲ್ಲಿ ಏನಾದ್ರೂ ಸುಟ್ರೂ ಎರಡೂ ಕಡೆ ಉಳ್ಕೊಳ್ಳೋ ಸಾಧ್ಯತೆ ಜಾಸ್ತಿ. ಪಿಸಿ817ನಲ್ಲಿ ಪಿನ್ 1 ಎಲ್ಇಡಿಯ ಆನೋಡ್, 2 ಕ್ಯಾಥೋಡ್, 3 ಎಮಿಟರ್, 4 ಕಲೆಕ್ಟರ್. ಡಿಟಿಆರ್‌ನಿಂದ 1 ಕಿಲೋ ಓಮ್ ಮೂಲಕ ಪಿನ್ 1ಕ್ಕೆ, ಪಿನ್ 2 ಸೀರಿಯಲ್ ಗ್ರೌಂಡ್‌ಗೆ, ಪಿನ್ 4 ಕೀ ಟಿಪ್‌ಗೆ, ಪಿನ್ 3 ಕೀ ಸ್ಲೀವ್‌ಗೆ. ಇಲ್ಲೂ 1ಎನ್4148 ಬೇಕು, ಎಲ್ಇಡಿಗೆ ಉಲ್ಟಾ ಪ್ಯಾರಲಲ್ ಆಗಿ, ಪಟ್ಟಿ ಪಿನ್ 1ರ ಕಡೆ. ಸೀರಿಯಲ್ ಕಡೆ ಗ್ರೌಂಡ್‌ನ ಅಪ್ಪಿತಪ್ಪಿ ಕೂಡ ಕೀ ಸ್ಲೀವ್‌ಗೆ ಮುಟ್ಟಿಸ್ಬೇಡಿ, ಮೆಟಲ್ ಡಬ್ಬಿ ಬಳಸೋರು ಇದನ್ನ ವಿಶೇಷವಾಗಿ ನೋಡ್ಕೋಬೇಕು, ಜಾಕ್‌ನ ಮೈ ಡಬ್ಬಿಗೆ ತಾಗಿ ಐಸೊಲೇಶನ್ ಎಲ್ಲಾ ವ್ಯರ್ಥ ಆಗತ್ತೆ. ಪಿಟಿಟಿ ಬೇಕಿದ್ರೆ ಇದೇ ಸರ್ಕ್ಯೂಟ್ ಇನ್ನೊಂದು ಸಲ, ಆರ್‌ಟಿಎಸ್ ಪಿನ್ 7ರಿಂದ.

ಟಿಟಿಎಲ್ ಮಾಡ್ಯೂಲ್ ಇದ್ರೆ ಆಪ್ಟೋಕಪ್ಲರ್‌ನ ತಿರುಗಿಸಿ ಹಚ್ಚಬೇಕು. ಮಾಡ್ಯೂಲ್‌ನ ಪ್ಲಸ್ ಸಪ್ಲೈನಿಂದ 470 ಓಮ್ ಮೂಲಕ ಪಿನ್ 1ಕ್ಕೆ, ಪಿನ್ 2ನ್ನ ಡಿಟಿಆರ್‌ಗೆ. ಡಿಟಿಆರ್ ಲೋ ಆದಾಗ ಎಲ್ಇಡಿ ಹತ್ತತ್ತೆ, ಹೈ ಇದ್ದಾಗ ಆರತ್ತೆ. ಒಂದೇ ಎಚ್ಚರಿಕೆ, ಮಾಡ್ಯೂಲ್‌ನ ಲಾಜಿಕ್ 3.3 ವೋಲ್ಟ್ ಆಗಿದ್ದು ನೀವು ಆನೋಡ್‌ನ 5 ವೋಲ್ಟ್‌ಗೆ ಕಟ್ಟಿದ್ರೆ, ಲೈನ್ ಹೈ ಇದ್ದಾಗ್ಲೂ 1.7 ವೋಲ್ಟ್ ವ್ಯತ್ಯಾಸ ಉಳಿಯತ್ತೆ, ಎಲ್ಇಡಿ ಮಿಣಮಿಣ ಅಂತ ಅರೆಬರೆ ಹತ್ತಿಕೊಂಡೇ ಇರತ್ತೆ, ಅದಕ್ಕೆ ಲಾಜಿಕ್ ಎಷ್ಟಿದೆಯೋ ಅಷ್ಟೇ ವೋಲ್ಟೇಜ್‌ಗೆ ಕಟ್ಟಿ. ಚಿಕ್ಕ ಮಾಡ್ಯೂಲ್‌ಗಳಲ್ಲಿ ಕೆಲವಕ್ಕೆ ಡಿಟಿಆರ್ ಹೊರಗೆ ತಂದಿರಲ್ಲ, ಕೊಳ್ಳೋಕೆ ಮುಂಚೆ ಪಿನ್ ಎಣಿಸಿ.

ರಿಗ್ ಇಲ್ದೆ ಪರೀಕ್ಷೆ

ಕಟ್ಟಿದ್ದಾಯ್ತು, ಇನ್ನೂ ರಿಗ್‌ಗೆ ಹಾಕ್ಬೇಡಿ. ಅಡಾಪ್ಟರ್ ಚುಚ್ಚಿ, ವಿಂಡೋಸ್ ಆದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ ಪೋರ್ಟ್ ನಂಬರ್ ನೋಡಿ ಬರ್ಕೊಳ್ಳಿ, ಬೇರೆ ಯುಎಸ್‌ಬಿ ಸಾಕೆಟ್‌ಗೆ ಹಾಕಿದ್ರೆ ಆ ನಂಬರ್ ಬದಲಾಗಬಹುದು, ಹಾಗಾಗಿ ಯಾವಾಗ್ಲೂ ಅದೇ ಸಾಕೆಟ್ ಬಳಸೋದು ಒಳ್ಳೇದು. ಲಿನಕ್ಸ್‌ನಲ್ಲಿ ಅದು ಟಿಟಿವೈಯುಎಸ್‌ಬಿ0 ಅನ್ನೋ ಥರ ಹೆಸರಲ್ಲಿ ಬರತ್ತೆ, ಉಬುಂಟು ಡೆಬಿಯನ್ ಕಡೆಯವ್ರು ತಮ್ಮ ಯೂಸರ್‌ನ ಡಯಲ್‌ಔಟ್ ಗ್ರೂಪಿಗೆ ಸೇರಿಸ್ಕೋಬೇಕು, ಸೇರಿಸಿ ಒಂದ್ಸಲ ಲಾಗ್‌ಔಟ್ ಆಗಿ ಬರ್ಬೇಕು. ಪೋರ್ಟ್ ಬಂದು ಕೂಡ್ಲೇ ಮಾಯ ಆಗ್ತಿದ್ರೆ ಅಂಧರಿಗೆ ಬ್ರೈಲ್ ಡಿಸ್ಪ್ಲೇ ಓಡಿಸೋ ಬಿಆರ್‌ಎಲ್‌ಟಿಟಿವೈ ಅನ್ನೋ ಸರ್ವಿಸ್ ಅದನ್ನ ತನ್ನದು ಅಂದ್ಕೊಂಡು ಹಿಡ್ಕೊಂಡಿರಬಹುದು, ಸಿಎಚ್340 ಚಿಪ್‌ಗೆ ಇದು ಆಗತ್ತೆ. ಮೋಡೆಮ್ ಮ್ಯಾನೇಜರ್ ಕೂಡ ಹೊಸ ಪೋರ್ಟ್ ಕಂಡ್ರೆ ಮೋಡೆಮ್ ಇದ್ಯಾ ಅಂತ ಕೆದಕಿ ನೋಡತ್ತೆ, ಎರಡೂ ನಿಮಗೆ ಬೇಕಿಲ್ಲಾಂದ್ರೆ ನಿಲ್ಸಿಬಿಡಿ.

ಈಗ ಮಲ್ಟಿಮೀಟರ್‌ನ ಡಯೋಡ್ ಮೋಡ್‌ಗೆ ಹಾಕಿ, ಕೆಂಪು ಪ್ರೋಬ್ ಟಿಪ್‌ಗೆ, ಕಪ್ಪು ಸ್ಲೀವ್‌ಗೆ. ಸಾಫ್ಟ್‌ವೇರ್‌ನಲ್ಲಿ ಆ ಪೋರ್ಟ್ ಆರಿಸಿ, ಸಿಡಬ್ಲ್ಯು (ಮೋರ್ಸ್ ಮೋಡ್) ಡಿಟಿಆರ್ ಮೇಲೆ, ಪಿಟಿಟಿ ಆರ್‌ಟಿಎಸ್ ಮೇಲೆ ಅಂತ ಕೊಟ್ಟು, ಸ್ಪೀಡ್ ಅತಿ ಕಮ್ಮಿ ಇಟ್ಟು ಡಾಗಳ (ಮೋರ್ಸ್‌ನ ಉದ್ದ ಗುರುತು, ಚಿಕ್ಕದು ಡಿಟ್) ಸಾಲು ಕಳಿಸಿ. ಮೀಟರ್ ಓಪನ್, ಕ್ಲೋಸ್ ಅಂತ ಅಕ್ಷರದ ತಾಳಕ್ಕೆ ಓಡಾಡ್ಬೇಕು. ಏನೂ ಕಳಿಸ್ದೆ ಇದ್ದಾಗ ಓಪನ್ ಇರ್ಲೇಬೇಕು, ಕ್ಲೋಸ್ ಇದ್ರೆ ಪೋಲಾರಿಟಿ ಉಲ್ಟಾ ಅಥವಾ ಸಾಫ್ಟ್‌ವೇರ್ ಆ ಲೈನ್‌ನ ಯಾವಾಗ್ಲೂ ಆನ್ ಅಂತ ಹಿಡಿದಿದೆ. ಇದನ್ನೂ ಮಾಡಿ: ಪ್ರೋಬ್ ಹಾಗೇ ಇಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ನೋಡಿ. ಬೂಟ್ ಆಗ್ವಾಗ, ಪ್ರೋಗ್ರಾಮ್ ಪೋರ್ಟ್ ತೆಗೆಯೋ ಆ ಕ್ಷಣದಲ್ಲಿ, ಆಪರೇಟಿಂಗ್ ಸಿಸ್ಟಮ್ ಡಿಟಿಆರ್ ಆರ್‌ಟಿಎಸ್ ಎರಡನ್ನೂ ಎತ್ತಿಬಿಡೋದು ಸಹಜ, ಲಿನಕ್ಸ್‌ನಲ್ಲಂತೂ ಪೋರ್ಟ್ ಓಪನ್ ಮಾಡಿದ್ರೆ ಎರಡೂ ಮೇಲೆ ಹೋಗೋದೇ ಅದ್ರ ಡೀಫಾಲ್ಟ್. ಆ ಹೊತ್ತಿಗೆ ರಿಗ್ ಆನ್ ಇದ್ರೆ ಟ್ರಾನ್ಸ್‌ಮಿಟ್ ಆಗತ್ತೆ. ಹಾಗಾಗಿ ಯಾವಾಗ್ಲೂ ಕಂಪ್ಯೂಟರ್ ಮೊದ್ಲು, ಸಾಫ್ಟ್‌ವೇರ್ ಆಮೇಲೆ, ರಿಗ್ ಕೊನೇಗೆ ಆನ್ ಮಾಡಿ, ಆಫ್ ಮಾಡ್ವಾಗ ರಿಗ್ ಮೊದ್ಲು.

ಇದೆಲ್ಲಾ ಸರಿ ಇದ್ರೆ ರಿಗ್‌ಗೆ ಪ್ಲಗ್ ಹಾಕಿ. ರಿಗ್‌ನ ಒಳಗಿನ ಕೀಯರ್ (ಡಿಟ್ ಡಾಗಳನ್ನ ತಾನೇ ಅಳೆದು ಮಾಡೋದು) ಆಫ್ ಮಾಡಿ ಸ್ಟ್ರೈಟ್ ಕೀ ಮೋಡ್‌ಗೆ ತರ್ಲೇಬೇಕು, ಇಲ್ಲಾಂದ್ರೆ ಕಂಪ್ಯೂಟರ್ ಒಂದು ಡಾ ಒತ್ತಿ ಹಿಡಿದಾಗ ರಿಗ್ ಅದನ್ನ ಪ್ಯಾಡಲ್ (ಡಿಟ್‌ಗೊಂದು ಡಾಗೊಂದು ಇರೋ ಜೋಡಿ ಕೀ) ಅಂದ್ಕೊಂಡು ಡಿಟ್‌ಗಳ ಮಳೆ ಸುರಿಸತ್ತೆ. ಸ್ಟೀರಿಯೋ ಜಾಕ್ ಇರೋ ರಿಗ್‌ಗೆ ಸ್ಟೀರಿಯೋ ಪ್ಲಗ್ಗೇ ಹಾಕಿ ರಿಂಗ್‌ನ (ಟಿಪ್, ಸ್ಲೀವ್ ಮಧ್ಯದ ಭಾಗ) ಖಾಲಿ ಬಿಡಿ, ಮೋನೋ ಪ್ಲಗ್ ಹಾಕಿದ್ರೆ ರಿಂಗ್ ಗ್ರೌಂಡ್‌ಗೆ ಶಾರ್ಟ್ ಆಗಿ ಕೆಲವು ರಿಗ್‌ಗಳು ಡಾ ಪ್ಯಾಡಲ್ ಒತ್ತಿದ್ದಾರೆ ಅಂತ ತಿಳ್ಕೊಳ್ತವೆ. ಸಿಡಬ್ಲ್ಯುಗೆ ಸೆಮಿ ಬ್ರೇಕ್‌ಇನ್, ಅಂದ್ರೆ ಕೀ ಒತ್ತಿದ್ರೆ ರಿಗ್ ತಾನೇ ಟ್ರಾನ್ಸ್‌ಮಿಟ್‌ಗೆ ಹೋಗೋದು, ಆನ್ ಇದ್ರೆ ಪಿಟಿಟಿ ಲೈನ್ ಬೇಕೇ ಆಗಲ್ಲ. ಆದ್ರೆ ಆಂಪ್ಲಿಫೈಯರ್ ಇದ್ದೋರು ಪಿಟಿಟಿ ಬಳಸಿ, ಮೊದಲ ಡಿಟ್‌ಗೆ ಮುಂಚೆ 20, 30 ಮಿಲಿಸೆಕೆಂಡ್ ಲೀಡ್ ಕೊಡಿ, ರಿಲೇ ಕೂತ ಮೇಲೇ ಆರ್‌ಎಫ್ ಹೋಗ್ಲಿ, ಇಲ್ಲಾಂದ್ರೆ ರಿಲೇ ಕಾಂಟ್ಯಾಕ್ಟ್ ಸುಟ್ಟೋಗತ್ತೆ.

ಟೈಮಿಂಗ್, ಇಲ್ಲೇ ಎಲ್ಲಾ ಇರೋದು

ಮೋರ್ಸ್ ಸ್ಪೀಡ್‌ನ ಪ್ಯಾರಿಸ್ ಅನ್ನೋ ಪದದಿಂದ ಲೆಕ್ಕ ಹಾಕ್ತೀವಿ, ಅದ್ರಲ್ಲಿ 50 ಡಿಟ್ ಉದ್ದ ಇದೆ, ಹಾಗಾಗಿ 1200ನ್ನ ನಿಮಿಷಕ್ಕೆಷ್ಟು ಪದ ಅನ್ನೋದ್ರಿಂದ ಭಾಗಿಸಿದ್ರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಬರತ್ತೆ. 20ರ ಸ್ಪೀಡ್‌ಗೆ 60, 30ಕ್ಕೆ 40, 40ಕ್ಕೆ 30 ಮಿಲಿಸೆಕೆಂಡ್. ವಿಂಡೋಸ್‌ನ ಮಾಮೂಲಿ ಟೈಮರ್ ಹೆಜ್ಜೆ 15.6 ಮಿಲಿಸೆಕೆಂಡ್, ಅಂದ್ರೆ ಪ್ರೋಗ್ರಾಮ್ ಬರೆದವ್ರು ಜಾಗ್ರತೆ ವಹಿಸ್ದೆ ಇದ್ರೆ 40ರ ಸ್ಪೀಡ್‌ನಲ್ಲಿ ಡಿಟ್‌ನ ಅರ್ಧದಷ್ಟು ತಪ್ಪು ಒಂದೇ ಏಟಿಗೆ ಬರಬಹುದು. ಒಳ್ಳೇ ಸಾಫ್ಟ್‌ವೇರ್ ಟೈಮರ್‌ನ 1 ಮಿಲಿಸೆಕೆಂಡ್‌ಗೆ ಇಳಿಸ್ಕೊಳ್ಳತ್ತೆ, ಆದ್ರೂ ಯುಎಸ್‌ಬಿ ಮಧ್ಯ ಬಂದ್ರೆ ಡಿಟಿಆರ್ ಬದಲಾವಣೆ ಅನ್ನೋದು ಒಂದು ಪ್ಯಾಕೆಟ್ ಆಗಿ ಸಾಲಲ್ಲಿ ನಿಂತು ಹೋಗತ್ತೆ, ಅದೇ ಹೊತ್ತಿಗೆ ಬ್ರೌಸರ್, ವೈರಸ್ ಸ್ಕ್ಯಾನ್, ವಾಟರ್‌ಫಾಲ್ ಡಿಸ್ಪ್ಲೇ ಎಲ್ಲಾ ಓಡ್ತಿದ್ರೆ ಒಂದು ಡಿಟ್ ಮೊಟಕು, ಮುಂದಿನ ಡಾ ಉದ್ದ. ಎಫ್‌ಟಿಡಿಐ ಡ್ರೈವರ್‌ನಲ್ಲಿ ಲೇಟೆನ್ಸಿ ಟೈಮರ್ 16ರಿಂದ 1ಕ್ಕೆ ಇಳಿಸಿ ಅಂತ ಸಲಹೆ ಕೊಡ್ತಾರೆ, ಅದು ರಿಗ್‌ನಿಂದ ವಾಪಸ್ ಬರೋ ಡೇಟಾಗೆ ಅನ್ವಯಿಸೋದು, ಕ್ಯಾಟ್ ಚುರುಕಾಗತ್ತೆ ನಿಜ, ಕೀಯಿಂಗ್ ಅದ್ರಿಂದ ಸರಿ ಹೋಗಲ್ಲ.

25ರವರೆಗೆ ನಿಧಾನಕ್ಕೆ ಮಾತಾಡೋರಿಗೆ ಯುಎಸ್‌ಬಿ ಡಿಟಿಆರ್ ಕೀಯಿಂಗ್ ಸಾಕು, ಅದ್ರ ಮೇಲೆ ಹೋಗೋರು ಟೈಮಿಂಗ್ ಕೆಲಸನ ಕಂಪ್ಯೂಟರ್ ಕೈಯಿಂದ ಕಿತ್ಕೊಳ್ಳಿ ಅನ್ನೋದೇ ನನ್ನ ಅಭಿಪ್ರಾಯ. ಅದಕ್ಕೆ ಎರಡು ದಾರಿ. ಒಂದು ವಿನ್‌ಕೀಯರ್ ಥರದ್ದು, ಹೊರಗಡೆ ಒಂದು ಚಿಕ್ಕ ಮೈಕ್ರೋಕಂಟ್ರೋಲರ್, ಕಂಪ್ಯೂಟರ್ ಅದಕ್ಕೆ ಅಕ್ಷರ ಮಾತ್ರ ಕಳಿಸತ್ತೆ, ಅದೂ 1200 ಬಾಡ್ (ಡೇಟಾ ಓಡೋ ವೇಗ) ಸಾಕು, ಡಿಟ್ ಡಾ ಲೆಕ್ಕ ಎಲ್ಲಾ ಆ ಚಿಪ್‌ದೇ, ಕಂಪ್ಯೂಟರ್ ಒಂದು ಕ್ಷಣ ತಡವರಿಸಿದ್ರೂ ಅಕ್ಷರದ ಆಕಾರ ಕೆಡಲ್ಲ, ಜೊತೆಗೆ ಪ್ಯಾಡಲ್ ಕೂಡ ಅದಕ್ಕೇ ಹಾಕ್ಬಹುದು. ಆರ್ಡುಯಿನೊ ಮೇಲೆ ಓಡೋ, ಇದೇ ಭಾಷೆ ಮಾತಾಡೋ ಓಪನ್ ಸೋರ್ಸ್ ಕೀಯರ್‌ಗಳೂ ಇವೆ. ಎರಡನೇದು ರಿಗ್‌ನ ಒಳಗಿನ ಕೀಯರ್‌ಗೇ ಕ್ಯಾಟ್ ಮೂಲಕ ಅಕ್ಷರ ಕೊಡೋದು, ಕೆನ್‌ವುಡ್‌ನಲ್ಲಿ ಕೆವೈ ಅನ್ನೋ ಕಮಾಂಡ್‌ನಿಂದ ಒಂದ್ಸಲಕ್ಕೆ 24 ಅಕ್ಷರ, ಐಕಾಮ್‌ನ ಹೊಸ ರಿಗ್‌ಗಳಲ್ಲಿ 17 ಅನ್ನೋ ಕಮಾಂಡ್‌ನಿಂದ 30 ಅಕ್ಷರದವರೆಗೆ. ಇದಕ್ಕೆ ಕೀಯಿಂಗ್ ಕೇಬಲ್ಲೇ ಬೇಡ, ಆದ್ರೆ ಮಧ್ಯದಲ್ಲಿ ನಿಲ್ಸೋದು, ಸ್ಪೀಡ್ ಬದಲಾಯಿಸೋದು ಅಷ್ಟು ಸಲೀಸಲ್ಲ.

ಈಗ ಕ್ಯಾಟ್

ಕ್ಯಾಟ್‌ಗೆ ಪಿನ್ 2, 3, 5 ಬಳಕೆಗೆ ಬರತ್ತೆ, ಇಲ್ಲಿ ರಿಗ್ ಯಾವ ಕಂಪನಿದು ಅನ್ನೋದ್ರ ಮೇಲೆ ವೈರಿಂಗೂ ಭಾಷೆಯೂ ಬೇರೆ ಆಗತ್ತೆ. ಕೆನ್‌ವುಡ್ ಟಿಎಸ್-2000, ಟಿಎಸ್-480 ಥರದವುಗಳಲ್ಲಿ ನಿಜವಾದ ಆರ್‌ಎಸ್-232 ಪೋರ್ಟ್ ಹಿಂದೇನೇ ಇದೆ, ಕೇಬಲ್ ಚುಚ್ಚಿದ್ರೆ ಆಯ್ತು. ಭಾಷೆಯೂ ಓದೋಕೆ ಬರೋವಂಥದ್ದು, ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಎಫ್‌ಎ ಅಂತ ಹೊಡೆದು ಸೆಮಿಕೋಲನ್ ಹಾಕಿದ್ರೆ ಎಫ್‌ಎ00014060000 ಅಂತ ಉತ್ತರ ಬರತ್ತೆ, 14.060 ಮೆಗಾಹರ್ಟ್ಸ್, ಹರ್ಟ್ಸ್ ಲೆಕ್ಕದಲ್ಲಿ 11 ಅಂಕಿ. ಕ್ಯಾಟ್ ಕಲಿಯೋಕೆ ಇದಕ್ಕಿಂತ ಒಳ್ಳೇದಿಲ್ಲ.

ಯಾಯೆಸು (Yaesu) ಎಫ್‌ಟಿ-817, 857, 897ಕ್ಕೆ ಹಿಂದೆ 8 ಪಿನ್ ಮಿನಿ ಡಿನ್ ಸಾಕೆಟ್, ಅಲ್ಲಿ ಟಿಟಿಎಲ್ ಲೆವೆಲ್, ಆರ್‌ಎಸ್-232 ನೇರವಾಗಿ ಕೊಟ್ರೆ ರಿಗ್‌ಗೆ ಪೆಟ್ಟು. ಕಮಾಂಡ್ ಯಾವಾಗ್ಲೂ 5 ಬೈಟ್, ಕೊನೇ ಬೈಟ್ ಏನು ಮಾಡ್ಬೇಕು ಅನ್ನೋದು, 14.060ಕ್ಕೆ ಹೋಗು ಅನ್ನೋಕೆ 01 40 60 00 01. ಸ್ಪೀಡ್ ಮೆನುವಿನಲ್ಲಿ 4800, 9600, 38400 ಇದೆ, ಸ್ಟಾಪ್ ಬಿಟ್ 2 ಅನ್ನೋದನ್ನ ಮರೀಬೇಡಿ, ಸಾಫ್ಟ್‌ವೇರ್‌ನಲ್ಲಿ 1 ಅಂತ ಉಳ್ಕೊಂಡಿರೋದು ಇಲ್ಲಿ ಸಾಮಾನ್ಯ ತಪ್ಪು.

ಐಕಾಮ್‌ದು ಸಿಐ-ವಿ, ನನಗೆ ಇಷ್ಟವಾದ ಡಿಸೈನ್. 3.5 ಮಿಲಿಮೀಟರ್ ಜಾಕ್, ಒಂದೇ ಡೇಟಾ ವೈರ್, ಹೋಗೋದೂ ಬರೋದೂ ಅದ್ರಲ್ಲೇ, ಹಲವು ರಿಗ್‌ನ ಒಂದೇ ವೈರ್‌ಗೆ ಕಟ್ಟಿ ಅಡ್ರೆಸ್‌ನಿಂದ ಕರೀಬಹುದು. 5 ವೋಲ್ಟ್ ಟಿಟಿಎಲ್ ಮಾಡ್ಯೂಲ್ ಇದ್ರೆ ಒಂದೇ ಒಂದು ಷಾಟ್ಕಿ ಡಯೋಡ್ ಸಾಕು. ಮಾಡ್ಯೂಲ್‌ನ ಆರ್‌ಎಕ್ಸ್‌ನ ನೇರವಾಗಿ ಜಾಕ್‌ನ ಟಿಪ್‌ಗೆ, ಟಿಎಕ್ಸ್‌ನ ಡಯೋಡ್ ಮೂಲಕ ಅದೇ ಟಿಪ್‌ಗೆ, ಪಟ್ಟಿ ಟಿಎಕ್ಸ್ ಕಡೆ, ಗ್ರೌಂಡ್ ಸ್ಲೀವ್‌ಗೆ. ಆಗ ಟಿಎಕ್ಸ್ ವೈರ್‌ನ ಕೆಳಗೆ ಎಳೀಬಹುದು, ಮೇಲೆ ತಳ್ಳೋಕಾಗಲ್ಲ, ಮೇಲಕ್ಕೆ ಎಳೆಯೋ ಕೆಲಸ ರಿಗ್ ಒಳಗಿನ ರೆಸಿಸ್ಟರ್‌ದು. ಐಸಿ-7300ರ ಡೀಫಾಲ್ಟ್ ಅಡ್ರೆಸ್ 94 (ಹೆಕ್ಸ್ ಲೆಕ್ಕದಲ್ಲಿ), ಅದ್ರ ಫ್ರೀಕ್ವೆನ್ಸಿ ಕೇಳೋ ಕಮಾಂಡ್ ಎಫ್‌ಇ ಎಫ್‌ಇ 94 ಇ0 03 ಎಫ್‌ಡಿ. ಉತ್ತರದಲ್ಲಿ ಅಂಕಿ ಹಿಂದಿನಿಂದ ಮುಂದೆ ಬರತ್ತೆ, 14.060 ಅನ್ನೋದು 00 00 06 14 00 ಆಗಿ. ಒಂದೇ ವೈರ್ ಆದ್ರಿಂದ ನೀವು ಕಳಿಸಿದ್ದೇ ಮೊದ್ಲು ನಿಮಗೆ ವಾಪಸ್ ಕೇಳತ್ತೆ, ಅದು ಬಂದ್ರೆ ನಿಮ್ಮ ವೈರಿಂಗ್ ಸರಿ ಇದೆ ಅಂತ ಅರ್ಥ, ಅದು ಬಂದು ಉತ್ತರ ಬರದಿದ್ರೆ ಅಡ್ರೆಸ್ ಅಥವಾ ಬಾಡ್ ರೇಟ್ ತಪ್ಪಿದೆ ಅಂತ. ತಪ್ಪು ಹುಡುಕೋಕೆ ಇಷ್ಟು ಸಹಾಯ ಮಾಡೋ ವ್ಯವಸ್ಥೆ ಬೇರೆ ಕಡೆ ಸಿಗೋದು ಕಮ್ಮಿ.

ಹೊಸ ರಿಗ್‌ಗಳಲ್ಲಿ ಯುಎಸ್‌ಬಿ ಒಳಗೇ ಇದೆ, ಸೋಲ್ಡರಿಂಗೇ ಬೇಡ. ರಿಗ್ ಚುಚ್ಚೋಕೆ ಮುಂಚೆ ಡ್ರೈವರ್ ಹಾಕಿ. 7300ರ ಮೆನುವಿನಲ್ಲಿ ಯುಎಸ್‌ಬಿ ಕೀಯಿಂಗ್ ಅಂತ ಇರೋ ಕಡೆ ಸಿಡಬ್ಲ್ಯುಗೆ ಡಿಟಿಆರ್, ಸೆಂಡ್‌ಗೆ ಆರ್‌ಟಿಎಸ್ ಕೊಟ್ರೆ ಒಂದೇ ಕೇಬಲ್‌ನಲ್ಲಿ ಎಲ್ಲಾ ಮುಗೀತು. ಯಾಯೆಸು ಎಫ್‌ಟಿ-991ಎ ಎರಡು ಕಾಮ್ ಪೋರ್ಟ್ ತೋರಿಸತ್ತೆ, ಎನ್‌ಹಾನ್ಸ್ಡ್ ಅನ್ನೋದು ಕ್ಯಾಟ್‌ಗೆ, ಸ್ಟ್ಯಾಂಡರ್ಡ್ ಅನ್ನೋದು ಪಿಟಿಟಿ, ಕೀಯಿಂಗ್‌ಗೆ. ಎರಡನ್ನ ಅದಲು ಬದಲು ಮಾಡಿದ್ರೆ ಏನೂ ನಡೆಯಲ್ಲ.

ಸಾಫ್ಟ್‌ವೇರ್ ಕಡೆ ಒಂದು ಮಾತು: ಒಂದು ಕಾಮ್ ಪೋರ್ಟ್‌ನ ಒಂದ್ಸಲಕ್ಕೆ ಒಂದೇ ಪ್ರೋಗ್ರಾಮ್ ತೆಗೆಯೋಕಾಗೋದು. ಲಾಗಿಂಗ್ ಪ್ರೋಗ್ರಾಮೂ ಡಿಜಿಟಲ್ ಮೋಡ್ ಪ್ರೋಗ್ರಾಮೂ ಎರಡೂ ರಿಗ್ ನೋಡ್ಬೇಕು ಅಂದ್ರೆ ಮಧ್ಯ ಒಬ್ಬ ಬೇಕು. ವಿಂಡೋಸ್‌ನಲ್ಲಿ ಓಮ್ನಿರಿಗ್, ಎಲ್ಲಾ ಕಡೆ ಎಫ್‌ಎಲ್‌ರಿಗ್ ಅಥವಾ ಹ್ಯಾಮ್‌ಲಿಬ್‌ನ ರಿಗ್‌ಸಿಟಿಎಲ್‌ಡಿ, ಇದು ನೆಟ್‌ವರ್ಕ್ ಪೋರ್ಟ್ 4532ರಲ್ಲಿ ಕೂತು ಎಷ್ಟು ಪ್ರೋಗ್ರಾಮ್ ಕೇಳಿದ್ರೂ ಉತ್ತರ ಕೊಡತ್ತೆ. ಕ್ಯಾಟ್ ಪೋರ್ಟ್ ಸೆಟ್ಟಿಂಗ್‌ನಲ್ಲಿ ಡಿಟಿಆರ್, ಆರ್‌ಟಿಎಸ್ ಎರಡನ್ನೂ ಯಾವಾಗ್ಲೂ ಆಫ್ ಅಂತ ಇಡಿ, ಹಳೇ ಇಂಟರ್‌ಫೇಸ್‌ಗಳು ಕೆಲವು ಆ ಲೈನ್‌ಗಳಿಂದಲೇ ಕರೆಂಟ್ ತಗೊಳ್ತವೆ, ಅವಕ್ಕೆ ಮಾತ್ರ ಆನ್. ಬಾಡ್ ರೇಟ್ ರಿಗ್ ಮೆನುವಿನಲ್ಲಿ ಆಟೋ ಬಿಡೋದಕ್ಕಿಂತ ಎರಡೂ ಕಡೆ ಒಂದೇ ನಂಬರ್ ಬರೆದಿಡೋದು ವಾಸಿ.

ಆಂಟೆನಾ ಹಾಕಿದ ಮೇಲೆ

ಡಮ್ಮಿ ಲೋಡ್‌ನಲ್ಲಿ ಎಲ್ಲಾ ಸರಿ ಇದ್ದು ಆಂಟೆನಾ ಹಾಕಿ ಪವರ್ ಏರಿಸಿದಾಗ ಕ್ಯಾಟ್ ಕಡಿದು ಹೋಗೋದು, ಕೀ ಅಂಟ್ಕೊಳ್ಳೋದು ಆದ್ರೆ ಅದು ಸಾಫ್ಟ್‌ವೇರ್ ತಪ್ಪಲ್ಲ, ಆರ್‌ಎಫ್ ಕೇಬಲ್ ಮೂಲಕ ಒಳಗೆ ಬರ್ತಿದೆ. ಪವರ್‌ನ 10 ವ್ಯಾಟ್‌ಗೆ ಇಳ್ಸಿ ನೋಡಿ, ತೊಂದ್ರೆ ಮಾಯ ಆದ್ರೆ ಖಾತ್ರಿ. ಯುಎಸ್‌ಬಿ ಕೇಬಲ್ ಗಿಡ್ಡ ಮಾಡಿ, 31 ಮಿಕ್ಸ್ ಫೆರೈಟ್ ಕೋರ್ ಮೇಲೆ ಅದನ್ನ ಹಲವು ಸುತ್ತು ಸುತ್ತಿ, ಒಂದೇ ಸಲ ತೂರಿಸಿದ್ರೆ ಎಚ್‌ಎಫ್‌ನಲ್ಲಿ ಅಷ್ಟಾಗಿ ಪ್ರಯೋಜನ ಇಲ್ಲ. ಕೀ ಲೈನ್ ಮೇಲೆ ಡಬ್ಬಿ ಒಳಗೇ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನ ಟಿಪ್‌ನಿಂದ ಸ್ಲೀವ್‌ಗೆ ಹಾಕಿ. ಇಷ್ಟಕ್ಕೂ ಹೋಗದಿದ್ರೆ ಆಂಟೆನಾ ಫೀಡ್‌ಪಾಯಿಂಟ್‌ನಲ್ಲಿ ಚೋಕ್ ಇಲ್ದೆ ಕೋಆಕ್ಸ್‌ನ ಹೊರ ಮೈ ಮೇಲೆ ಕರೆಂಟ್ ಹರೀತಿದೆ, ಅಲ್ಲಿ ಸರಿ ಮಾಡ್ಬೇಕು. ರಿಗ್‌ನಲ್ಲಿ ಟೈಮ್‌ಔಟ್ ಟೈಮರ್ ಇದ್ರೆ 3 ನಿಮಿಷಕ್ಕೆ ಹಾಕಿಡಿ, ಯಾವ ಲೈನ್ ಅಂಟ್ಕೊಂಡ್ರೂ ಟ್ರಾನ್ಸ್‌ಮಿಟ್ ಅಲ್ಲಿಗೆ ನಿಲ್ಲತ್ತೆ.